ಹಡಗಿನ ಹೆಸರು ಸಿಕ್ಕರೆ ಅರ್ಧ ದಾರಿ ಸವೆದಂತೆ: ವಸಾಹತು ಕಾಲದ ಆಸ್ಟ್ರೇಲಿಯಾದ ಕೈದಿಗಳನ್ನೂ ವಲಸಿಗರನ್ನೂ ಹುಡುಕುವ ಬಗೆ

ನ್ಯೂ ಸೌತ್ ವೇಲ್ಸ್ ವಸಾಹತಿನ ಮೊದಲ ಜನಗಣತಿ 1828ರ ನವೆಂಬರ್‌ನಲ್ಲಿ ನಡೆಯಿತು. ಸಿಡ್ನಿಯಲ್ಲಿ ಹೆಸರುವಾಸಿ ವ್ಯಾಪಾರಿಯಾಗಿದ್ದ ಮೇರಿ ರೀಬಿ ಆಗ ತಾನು 1821ರಲ್ಲಿ ಸ್ವತಂತ್ರಳಾಗಿ ಬಂದವಳೆಂದು ಬರೆಸಿದಳು. ಆ ಮಾತು ಪೂರ್ತಿ ಸುಳ್ಳಲ್ಲ, ಏಕೆಂದರೆ 1820ರಲ್ಲಿ ಹೆಣ್ಣುಮಕ್ಕಳೊಂದಿಗೆ ಇಂಗ್ಲೆಂಡಿಗೆ ಹೋಗಿದ್ದ ಆಕೆ ಮರುವರ್ಷ ಸಿಡ್ನಿಗೆ ಹಿಂದಿರುಗಿದ್ದಳು. ಆದರೆ ಆಕೆ ಆ ನೆಲದ ಮೇಲೆ ಮೊದಲು ಕಾಲಿಟ್ಟದ್ದು 1792ರ ಅಕ್ಟೋಬರ್‌ನಲ್ಲಿ, ‘ರಾಯಲ್ ಅಡ್ಮಿರಲ್’ ಹಡಗಿನಿಂದ, ಏಳು ವರ್ಷದ ಗಡೀಪಾರು ಶಿಕ್ಷೆ ಹೊತ್ತ ಕೈದಿಯಾಗಿ. ಕುದುರೆ ಕದ್ದ ಆರೋಪದ ಮೇಲೆ 1790ರಲ್ಲಿ ಸೆರೆ ಸಿಕ್ಕಾಗ ಆಕೆಗೆ ಹದಿಮೂರು ವರ್ಷ. ಹುಡುಗನ ವೇಷದಲ್ಲಿದ್ದ ಆಕೆ ಹೇಳಿಕೊಂಡಿದ್ದ ಹೆಸರು ಜೇಮ್ಸ್ ಬರೋ, ತವರಿನ ಹೆಸರು ಹೇಡಾಕ್. ಇಂದು ಆಸ್ಟ್ರೇಲಿಯಾದ 20 ಡಾಲರ್ ನೋಟಿನ ಮೇಲೆ ಆಕೆಯ ಮುಖವಿದೆ. ಜನಗಣತಿಯ ಹಾಳೆಯೊಂದನ್ನೇ ನಂಬಿದ್ದರೆ ಇದಾವುದೂ ನಮಗೆ ತಿಳಿಯುತ್ತಿರಲಿಲ್ಲ. ಈ ದಾಖಲೆಗಳನ್ನು ಓದುವವರು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಸಂಗತಿ ಇದು: ಪ್ರತಿ ಕಾಗದವೂ ಯಾರೋ ಒಬ್ಬರು, ಯಾವುದೋ ಕಾರಣಕ್ಕೆ, ಒಬ್ಬ ಗುಮಾಸ್ತನ ಮುಂದೆ ಹೇಳಿದ ಹೇಳಿಕೆ.

1788ರಿಂದ 1868ರವರೆಗೆ ಬ್ರಿಟನ್ ಮತ್ತು ಐರ್ಲೆಂಡಿನಿಂದ ಒಂದು ಲಕ್ಷದ ಅರವತ್ತು ಸಾವಿರಕ್ಕೂ ಹೆಚ್ಚು ಕೈದಿಗಳನ್ನು ಆಸ್ಟ್ರೇಲಿಯಾಕ್ಕೆ ಸಾಗಿಸಲಾಯಿತು. ಅವರ ಬಗ್ಗೆ ಉಳಿದಿರುವ ದಾಖಲೆಗಳು ಎಷ್ಟು ವಿವರವಾಗಿವೆಯೆಂದರೆ, ಅದೇ ಕಾಲದ ಇಂಗ್ಲೆಂಡಿನ ಬಡ ಕೂಲಿಗಾರನೊಬ್ಬನ ಕಣ್ಣಿನ ಬಣ್ಣ ನಮಗೆ ಎಂದೂ ತಿಳಿಯದಿದ್ದರೂ, ಗಡೀಪಾರಾದ ಅವನ ತಮ್ಮನ ಕಣ್ಣಿನ ಬಣ್ಣ, ಎತ್ತರ, ಮುಖದ ಮೇಲಿನ ಗಾಯದ ಕಲೆ ಎಲ್ಲವೂ ತಿಳಿಯಬಹುದು. 2007ರಲ್ಲಿ ಯುನೆಸ್ಕೊ ಈ ದಾಖಲೆಗಳನ್ನು ವಿಶ್ವ ಸ್ಮೃತಿ ಪಟ್ಟಿಗೆ ಸೇರಿಸಿತು. ಇವುಗಳಲ್ಲಿ ಬಹಳಷ್ಟನ್ನು ಈಗ ಮನೆಯಲ್ಲೇ ಕುಳಿತು, ಹಣ ಕೊಡದೆ ನೋಡಬಹುದು.

ಕೊನೆಯಿಂದ ಆರಂಭಿಸಿ

ಹುಡುಕಾಟವನ್ನು ಕೈದಿಯಿಂದಲ್ಲ, ಕುಟುಂಬಕ್ಕೆ ಖಚಿತವಾಗಿ ಗೊತ್ತಿರುವ ತೀರಾ ಇತ್ತೀಚಿನ ವ್ಯಕ್ತಿಯಿಂದ ಆರಂಭಿಸಿ, ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಬೇಕು. ಇದಕ್ಕೆ ಮರಣ ಪ್ರಮಾಣಪತ್ರದಷ್ಟು ಒಳ್ಳೆಯ ಆಧಾರ ಬೇರೊಂದಿಲ್ಲ. ನ್ಯೂ ಸೌತ್ ವೇಲ್ಸ್‌ನಲ್ಲಿ ಸರ್ಕಾರಿ ಜನನ ಮರಣ ನೋಂದಣಿ 1856ರಲ್ಲಿ ಶುರುವಾಯಿತು. ವಿಕ್ಟೋರಿಯಾದಲ್ಲಿ 1853, ಟಾಸ್ಮೇನಿಯಾದಲ್ಲಿ 1838. ಅದಕ್ಕೂ ಹಿಂದಿನ ಕಾಲಕ್ಕೆ ಚರ್ಚಿನ ಪುಸ್ತಕಗಳೇ ಗತಿ. ನ್ಯೂ ಸೌತ್ ವೇಲ್ಸ್ ಮತ್ತು ವಿಕ್ಟೋರಿಯಾದ ಮರಣ ಪತ್ರಗಳಲ್ಲಿ ತಂದೆತಾಯಿಯ ಹೆಸರು, ಹುಟ್ಟಿದ ಊರು, ಮದುವೆಯಾದ ಸ್ಥಳ, ಮಕ್ಕಳ ಹೆಸರುಗಳ ಜೊತೆಗೆ ‘ವಸಾಹತಿನಲ್ಲಿ ಎಷ್ಟು ವರ್ಷವಿದ್ದರು’ ಎಂಬ ಕಲಮೂ ಇರುತ್ತದೆ. ಸತ್ತ ವರ್ಷದಿಂದ ಆ ಸಂಖ್ಯೆಯನ್ನು ಕಳೆದರೆ ಬಂದ ವರ್ಷ ಹೆಚ್ಚುಕಡಿಮೆ ದೊರೆಯುತ್ತದೆ. ಆದರೆ ಈ ವಿವರಗಳನ್ನು ಕೊಟ್ಟವರು ಸತ್ತವರಲ್ಲ, ದುಃಖದಲ್ಲಿದ್ದ ಮಗನೋ ಅಳಿಯನೋ ಎಂಬುದನ್ನು ಮರೆಯದೆ, ಐದು ವರ್ಷ ಆಚೀಚೆ ಹುಡುಕಬೇಕು.

ಹಡಗನ್ನು ಕಂಡುಹಿಡಿಯಿರಿ

ವಸಾಹತಿನ ಗುಮಾಸ್ತರು ಒಂದೇ ಹೆಸರಿನ ಹತ್ತಾರು ಜಾನ್ ಸ್ಮಿತ್‌ಗಳನ್ನು ಬೇರೆ ಬೇರೆಯಾಗಿ ಗುರುತಿಸಲು ಹಡಗಿನ ಹೆಸರನ್ನು ಬಳಸಿದರು. ನಮ್ಮಲ್ಲಿ ಹೆಸರಿನ ಜೊತೆಗೆ ಊರಿನ ಹೆಸರು ಅಂಟಿಕೊಂಡಂತೆ ಅಲ್ಲಿ ಹಡಗಿನ ಹೆಸರು, ಬಂದ ವರ್ಷ ಸಾಯುವತನಕ ಕೈದಿಯ ಬೆನ್ನಿಗೆ ಇರುತ್ತಿದ್ದವು. ಅದು ತಿಳಿಯಿತೆಂದರೆ ‘ಇಂಡೆಂಟ್’ ಎಂದು ಕರೆಯುವ ಹಡಗಿನ ಕೈದಿಪಟ್ಟಿ ತೆರೆದುಕೊಳ್ಳುತ್ತದೆ. ಆರಂಭದ ಪಟ್ಟಿಗಳಲ್ಲಿ ಹೆಸರು, ವಿಚಾರಣೆ ನಡೆದ ಸ್ಥಳ ಮತ್ತು ದಿನ, ಶಿಕ್ಷೆಯ ಅವಧಿಯಷ್ಟೇ ಇದ್ದರೆ, 1830ರ ದಶಕದ ಅಚ್ಚಾದ ಪಟ್ಟಿಗಳಲ್ಲಿ ವಯಸ್ಸು, ಓದುಬರಹ, ಧರ್ಮ, ಮದುವೆ, ಮಕ್ಕಳು, ಹುಟ್ಟೂರು, ಕಸುಬು, ಅಪರಾಧ, ಮೈಮೇಲಿನ ಗುರುತು ಎಲ್ಲವೂ ಸಾಲಾಗಿ ಇರುತ್ತವೆ.

ಯಾವ ಪತ್ರಾಗಾರಕ್ಕೆ ಹೋಗಬೇಕೆಂಬುದನ್ನು ವರ್ಷವೂ ಸ್ಥಳವೂ ಹೇಳುತ್ತವೆ. ನ್ಯೂ ಸೌತ್ ವೇಲ್ಸ್‌ಗೆ ಕೈದಿಗಳ ಸಾಗಣೆ 1840ರಲ್ಲಿ ಬಹುಮಟ್ಟಿಗೆ ನಿಂತಿತು. ಅಲ್ಲಿನ ದಾಖಲೆಗಳು ಸಿಡ್ನಿಯ ರಾಜ್ಯ ಪತ್ರಾಗಾರದಲ್ಲಿವೆ. 1856ರಲ್ಲಿ ಟಾಸ್ಮೇನಿಯಾ ಎಂದು ಹೆಸರು ಬದಲಿಸಿಕೊಂಡ ವ್ಯಾನ್ ಡೀಮನ್ಸ್ ಲ್ಯಾಂಡ್‌ಗೆ ಸಾಗಣೆ 1853ರವರೆಗೆ ನಡೆಯಿತು. ಅದಕ್ಕೆ ಲೈಬ್ರರೀಸ್ ಟಾಸ್ಮೇನಿಯಾದ ಹೆಸರುಗಳ ಸೂಚಿಯನ್ನು ನೋಡಬೇಕು. ಪಶ್ಚಿಮ ಆಸ್ಟ್ರೇಲಿಯಾಕ್ಕೆ 1850ರಿಂದ ಗಂಡು ಕೈದಿಗಳು ಮಾತ್ರ ಬಂದರು. ಕೊನೆಯ ಹಡಗು ‘ಹೂಗಮಾಂಟ್’ 1868ರ ಜನವರಿಯಲ್ಲಿ ಫ್ರಿಮ್ಯಾಂಟಲ್ ತಲುಪಿತು. ದಕ್ಷಿಣ ಆಸ್ಟ್ರೇಲಿಯಾ ಕೈದಿಗಳನ್ನು ತರಿಸಿಕೊಳ್ಳಲೇ ಇಲ್ಲ.

ವಿಚಾರಣೆಯ ಸ್ಥಳವೆಂಬ ಕಲಮಿನಲ್ಲಿ ಕೆಲವೊಮ್ಮೆ ಭಾರತದ ಊರಿನ ಹೆಸರು ಎದುರಾದರೆ ಗುಮಾಸ್ತನ ತಪ್ಪೆಂದು ಭಾವಿಸಬಾರದು. ಬೆಂಗಳೂರು, ಬಳ್ಳಾರಿಗಳಲ್ಲಿ ದಂಡು ಇರಿಸಿದ್ದ ಮದ್ರಾಸ್ ಸೈನ್ಯವೂ ಸೇರಿದಂತೆ, ಭಾರತದಲ್ಲಿದ್ದ ಬ್ರಿಟಿಷ್ ಪಡೆಗಳ ಸೈನಿಕರಲ್ಲಿ ಕೋರ್ಟ್ ಮಾರ್ಷಲ್‌ಗೆ ಗುರಿಯಾದ ಕೆಲವರನ್ನು ಇಲ್ಲಿಂದಲೇ ಅಲ್ಲಿಗೆ ಸಾಗಿಸಿದ್ದುಂಟು.

ಇಳಿದ ಮೇಲಿನ ಬದುಕು

ಇಲ್ಲಿಂದ ಮುಂದೆ ಕಾಗದಗಳು ಕೈದಿಯ ಬಿಡುಗಡೆಯ ಮೆಟ್ಟಿಲುಗಳನ್ನು ಅನುಸರಿಸುತ್ತವೆ. ಮೊದಲನೆಯದು ಟಿಕೆಟ್ ಆಫ್ ಲೀವ್: ನಡತೆ ಚೆನ್ನಾಗಿದ್ದರೆ, ಏಳು ವರ್ಷದ ಶಿಕ್ಷೆಯವರು ಸಾಮಾನ್ಯವಾಗಿ ನಾಲ್ಕು ವರ್ಷಕ್ಕೆ, ಹದಿನಾಲ್ಕರವರು ಆರಕ್ಕೆ, ಜೀವಾವಧಿಯವರು ಎಂಟಕ್ಕೆ ಇದನ್ನು ಪಡೆದು, ಗೊತ್ತುಪಡಿಸಿದ ಜಿಲ್ಲೆಯೊಳಗೆ ತಮ್ಮ ದುಡಿಮೆಯನ್ನು ತಾವೇ ಮಾಡಿಕೊಳ್ಳಬಹುದಿತ್ತು. ಅವಧಿ ಮುಗಿದವರಿಗೆ ಸ್ವಾತಂತ್ರ್ಯದ ಪ್ರಮಾಣಪತ್ರ ಸಿಗುತ್ತಿತ್ತು. ಜೀವಾವಧಿಯವರಿಗೆ ಅವಧಿಯೇ ಮುಗಿಯದ ಕಾರಣ ಅದು ಸಿಗುವಂತಿಲ್ಲ. ಅವರನ್ನು ಕ್ಷಮಾದಾನದ ಪುಸ್ತಕಗಳಲ್ಲಿ ಹುಡುಕಬೇಕು. ಷರತ್ತಿನ ಕ್ಷಮಾದಾನ ಪಡೆದವರು ಬ್ರಿಟನ್‌ಗೆ ಮರಳುವಂತಿರಲಿಲ್ಲ. 1828ರ ಜನಗಣತಿಯಲ್ಲಿ ಪ್ರತಿ ಹೆಸರಿನ ಎದುರು ಸ್ವತಂತ್ರವಾಗಿ ಬಂದವರು, ವಸಾಹತಿನಲ್ಲೇ ಹುಟ್ಟಿದವರು, ಶಿಕ್ಷೆ ಮುಗಿಸಿದವರು, ಟಿಕೆಟ್ ಪಡೆದವರು ಎಂದು ಸಂಕ್ಷೇಪಾಕ್ಷರಗಳಲ್ಲಿ ಗುರುತು ಹಾಕಿದ್ದಾರೆ. ಆ ಎರಡು ಅಕ್ಷರ ನೋಡದೆ ಮುಂದೆ ಸಾಗಬಾರದು.

ಟಾಸ್ಮೇನಿಯಾದ ನಡತೆ ಪುಸ್ತಕಗಳು ನನ್ನ ಮಟ್ಟಿಗೆ ಇಡೀ ಭಂಡಾರದ ಹೃದಯ. ಅಲ್ಲಿ ಒಬ್ಬೊಬ್ಬ ಕೈದಿಗೂ ತನ್ನದೇ ಜಾಗವಿದೆ. ಮೇಲುಗಡೆ ಪೊಲೀಸ್ ಸಂಖ್ಯೆ, ಹಡಗು, ಶಿಕ್ಷೆ. ಅದರ ಕೆಳಗೆ ಊರಿನ ಜೈಲಿನವರೂ ಹಡಗಿನ ವೈದ್ಯನೂ ಕೊಟ್ಟ ವರದಿ. ಅದರ ಪಕ್ಕದಲ್ಲೇ, ಕೈದಿ ತನ್ನ ಅಪರಾಧದ ಬಗ್ಗೆ ತನ್ನ ಬಾಯಿಂದಲೇ ಹೇಳಿದ್ದು. ಬಳಿಕ ವರ್ಷಗಟ್ಟಲೆ ಕುಡಿತಕ್ಕೆ, ಎದುರು ಮಾತಿಗೆ, ಹೇಳದೆ ಹೋದದ್ದಕ್ಕೆ ಕೊಟ್ಟ ಚಾಟಿಯೇಟುಗಳ, ಒಂಟಿ ಕೋಣೆಯ ದಿನಗಳ ಲೆಕ್ಕ, ಇರುವೆಸಾಲಿನಂಥ ಅಕ್ಷರಗಳಲ್ಲಿ. ಒಂದು ಪುಟ ಓದಲು ಒಂದು ಸಂಜೆ ಹಿಡಿದರೂ ಅವಸರ ಪಡಬಾರದು. ಮೊದಲು ತಿಂಗಳ ಹೆಸರುಗಳನ್ನು ಗುರುತಿಸಿ ಆ ಗುಮಾಸ್ತನ ಕೈಬರಹದ ಅಕ್ಷರಮಾಲೆಯೊಂದನ್ನು ಮಾಡಿಕೊಂಡರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ. ಚಹರೆಪಟ್ಟಿಯಲ್ಲಿ ಹಚ್ಚೆಗಳ ವಿವರವಿದ್ದರೆ ಹಾಗೇ ನಕಲು ಮಾಡಿಕೊಳ್ಳಿ: ಲಂಗರು, ಸೂರ್ಯಚಂದ್ರರ ನಡುವೆ ತೋಳಿನ ಮೇಲೆ ಬಿಡಿ ಅಕ್ಷರಗಳಿದ್ದರೆ ಅವು ಬಿಟ್ಟು ಬಂದ ತಾಯಿ, ಹೆಂಡತಿ, ಮಕ್ಕಳ ಹೆಸರಿನ ಮೊದಲಕ್ಷರಗಳಾಗಿರಬಹುದು, ಹುಟ್ಟೂರಿನ ಚರ್ಚಿನ ಪುಸ್ತಕದೊಂದಿಗೆ ಅವುಗಳನ್ನು ತಾಳೆ ನೋಡಬಹುದು.

ಸಮುದ್ರದ ಆಚೆ ದಡ

ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದಲ್ಲಿ ಶಿಕ್ಷೆಯಾಗಿದ್ದರೆ ಅದೃಷ್ಟವೆನ್ನಬೇಕು. 1674ರಿಂದ 1913ರವರೆಗಿನ ಅಲ್ಲಿಯ ವಿಚಾರಣೆಗಳ ಮುದ್ರಿತ ವರದಿಗಳು ಅಂತರ್ಜಾಲದಲ್ಲಿ ಉಚಿತವಾಗಿವೆ. ಬೇರೆ ಊರುಗಳವರಿಗೆ ಲಂಡನ್ನಿನ ಕ್ಯೂ ಬಡಾವಣೆಯಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದ ಗೃಹ ಇಲಾಖೆಯ ಕಡತಗಳಿವೆ. ಗಡೀಪಾರು ಪುಸ್ತಕಗಳು ಎಚ್‌ಒ 11 ಎಂಬ ಸರಣಿಯಲ್ಲಿವೆ. ಅವುಗಳ ಮೈಕ್ರೋಫಿಲ್ಮ್ ಪ್ರತಿಗಳನ್ನು ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯ ಟ್ರೋವ್ ತಾಣದಲ್ಲಿ ಇಟ್ಟಿದೆ. ಐರ್ಲೆಂಡಿನವರಿಗೆ ಈ ದಾರಿ ಕಷ್ಟ: 1836ಕ್ಕಿಂತ ಹಿಂದಿನ ಗಡೀಪಾರು ಪುಸ್ತಕಗಳು 1922ರಲ್ಲಿ ಡಬ್ಲಿನ್‌ನಲ್ಲಿ ನಾಶವಾದವು. ಅವರ ವಿಷಯದಲ್ಲಿ ಆಸ್ಟ್ರೇಲಿಯಾದ ಇಂಡೆಂಟೇ ಮುಖ್ಯ ಆಧಾರ.

ಸ್ವತಂತ್ರವಾಗಿ ಬಂದವರಲ್ಲಿ, ವಿಚಿತ್ರವೆಂದರೆ, ಸರ್ಕಾರದ ಹಣದಲ್ಲಿ ಬಂದ ಬಡವರೇ ಸುಲಭವಾಗಿ ಸಿಗುತ್ತಾರೆ. ಖರ್ಚು ಕೊಟ್ಟ ಸರ್ಕಾರ ಅವರ ಊರು, ಧರ್ಮ, ಕಸುಬು, ಎಷ್ಟೋ ಬಾರಿ ತಂದೆತಾಯಿಯ ಹೆಸರನ್ನೂ ಬರೆದಿಟ್ಟುಕೊಂಡಿತು. ಸ್ವಂತ ಹಣದಲ್ಲಿ ಬಂದವರು ಎಷ್ಟೋ ಕಡೆ ಬರೀ ಮನೆತನದ ಹೆಸರಾಗಿ ಉಳಿದಿದ್ದಾರೆ. ವಲಸಿಗರಿಗೆ ಜಮೀನು ಕೊಟ್ಟ ಪತ್ರಗಳನ್ನು ನೋಡುವಾಗ ಇನ್ನೊಂದು ಮಾತು ನೆನಪಿರಬೇಕು: ಎಕರೆ, ಗಡಿ, ಹೊಳೆಗಳನ್ನೆಲ್ಲ ಬರೆದ ಆ ಕಾಗದದಲ್ಲಿ, ಆ ನೆಲ ಯಾವ ಮೂಲನಿವಾಸಿ ಜನರದಾಗಿತ್ತು ಎಂಬುದು ಬಾರದು. ಅದನ್ನು ಬೇರೆಡೆ ಹುಡುಕಿ ಪಕ್ಕದಲ್ಲಿ ಬರೆದುಕೊಳ್ಳುವುದು ಸಂಶೋಧಕರ ಕರ್ತವ್ಯವೆಂದು ನಾನು ನಂಬುತ್ತೇನೆ.

ಹೆಸರು ಸಿಗದಿದ್ದರೆ ಕಾಗುಣಿತ ಬದಲಿಸಿ ನೋಡಿ. ಗುಮಾಸ್ತ ಕಿವಿಗೆ ಬಿದ್ದಂತೆ ಬರೆದ, ಕೈದಿಗಳಲ್ಲಿ ಅನೇಕರಿಗೆ ಅದನ್ನು ಓದಿ ತಿದ್ದಲು ಬರುತ್ತಿರಲಿಲ್ಲ. ಸಿಕ್ಕ ಹೆಸರು ನಿಮ್ಮವರದೇ ಎನ್ನಲು ಹೆಸರಲ್ಲದೆ ಹಡಗು, ವಯಸ್ಸು, ಹುಟ್ಟೂರು, ಎತ್ತರಗಳಲ್ಲಿ ಕನಿಷ್ಠ ಎರಡಾದರೂ ಹೊಂದಬೇಕು.

ಕೊನೆಯಲ್ಲಿ, ಹಲವರು ತೆರೆಯದೆ ಬಿಡುವ ಮದುವೆಯ ಅನುಮತಿ ಪುಸ್ತಕ. ಶಿಕ್ಷೆಯಲ್ಲಿದ್ದವರು ಮದುವೆಯಾಗಲು ಸರ್ಕಾರದ ಒಪ್ಪಿಗೆ ಬೇಕಿತ್ತು. ಅರ್ಜಿ ಬಂದಾಗ ಅಧಿಕಾರಿಗಳು ಹಳೆಯ ಇಂಡೆಂಟ್ ತೆಗೆದು ನೋಡುತ್ತಿದ್ದರು; ಬಂದ ದಿನ ‘ವಿವಾಹಿತ’ ಎಂದು ಬರೆಸಿದ್ದರೆ ಅರ್ಜಿಯನ್ನು ತಿರಸ್ಕರಿಸಿ, ಕಾರಣವನ್ನೂ ಬರೆಯುತ್ತಿದ್ದರು. ಆದ್ದರಿಂದ ಒಪ್ಪಿಗೆಯ ಪಟ್ಟಿಯಲ್ಲಿ ನಿಮ್ಮವರು ಕಾಣದಿದ್ದರೆ ತಿರಸ್ಕೃತ ಅರ್ಜಿಗಳ ಪಟ್ಟಿಯನ್ನೂ ನೋಡಿ. ಕುಟುಂಬದಲ್ಲಿ ಯಾರೂ ಹೆಸರೆತ್ತದ, ಇಂಗ್ಲೆಂಡಿನ ಯಾವುದೋ ಹಳ್ಳಿಯಲ್ಲಿ ಉಳಿದುಹೋದ ಮೊದಲ ಹೆಂಡತಿಯ ಸುಳಿವು ದೊರೆಯುವುದು ಹಲವು ಸಲ ಅಲ್ಲಿಯೇ.