ತವರಿನ ಮೈದಾನಕ್ಕೆ ಎಷ್ಟು ಪಾಯಿಂಟು? ಗೇಲಿಕ್ ಫುಟ್‌ಬಾಲಿನ ಲೆಕ್ಕ ಹಾಕೋದು ಹೀಗೆ

ಗೇಲಿಕ್ ಫುಟ್‌ಬಾಲ್ ಅಂದರೆ ಐರ್ಲೆಂಡಿನ ಕೌಂಟಿ ತಂಡಗಳು ಆಡುವ ಆಟ. ಡಬ್ಲಿನ್ನಿನ ನಮ್ಮ ಆಫೀಸಿನಲ್ಲಿ ಮೇಯೋ ಕೌಂಟಿಯವರು ತಮ್ಮ ತವರಿನ ಕ್ಯಾಸಲ್‌ಬಾರ್ ಮೈದಾನದ ಮಹಿಮೆ ಹಾಡದ ದಿನ ಕಡಿಮೆ. ಅದು ನಿಜವೋ ಅಂತ ನೋಡೋಕೆ ಒಂದು ಎಕ್ಸೆಲ್ ಶೀಟು ಸಾಕು.

ಮೊದಲು ಸ್ಕೋರನ್ನು ಒಂದೇ ಅಂಕಿ ಮಾಡಿಕೊಳ್ಳಿ. ಸ್ಕೋರು ಬರೆಯೋದು ಮೊದಲು ಗೋಲು, ಆಮೇಲೆ ಪಾಯಿಂಟು ಅಂತ. ಗೋಲಿಗೆ 3 ಪಾಯಿಂಟು, ಆದ್ದರಿಂದ 1-14 ಅಂದರೆ 17.

ಆಮೇಲೆ ನ್ಯಾಷನಲ್ ಲೀಗ್ ಫಲಿತಾಂಶಗಳನ್ನು ಮಾತ್ರ ತೆಗೆದುಕೊಳ್ಳಿ. ವರ್ಷದ ಮುಖ್ಯ ಟೂರ್ನಿಯಾದ ಚಾಂಪಿಯನ್‌ಶಿಪ್‌ನ ದೊಡ್ಡ ಪಂದ್ಯಗಳು ಬಹುಪಾಲು ಡಬ್ಲಿನ್ನಿನ ಕ್ರೋಕ್ ಪಾರ್ಕ್ ಮೈದಾನಕ್ಕೋ ತಟಸ್ಥ ಮೈದಾನಕ್ಕೋ ಹೋಗಿಬಿಡುತ್ತವೆ. ಲೀಗಿನಲ್ಲೂ ಒಂದು ತೊಡಕಿದೆ: ಡಿವಿಜನ್ನಿಗೆ 8 ತಂಡ, ತಲಾ 7 ಪಂದ್ಯ, ಅಂದರೆ ಒಬ್ಬೊಬ್ಬರ ಜೊತೆ ಒಂದೇ ಸಲ. ಕೆಲವರಿಗೆ ತವರಿನಲ್ಲಿ 4, ಕೆಲವರಿಗೆ 3. ಹಾಗಾಗಿ ಒಂದು ವರ್ಷದ ಟೇಬಲ್ ನೋಡಿ ಏನೂ ಹೇಳೋಕಾಗಲ್ಲ. ಕೆರಿ ಮತ್ತು ಮೇಯೋ ಕೌಂಟಿಗಳನ್ನೇ ತೆಗೆದುಕೊಂಡರೆ, ಒಮ್ಮೆ ಕೆರಿಯಲ್ಲಿ, ಇನ್ನೊಮ್ಮೆ ಮೇಯೋದಲ್ಲಿ ಆಡಿದ ಹತ್ತಿರದ ವರ್ಷಗಳ ಎರಡು ಪಂದ್ಯಗಳನ್ನು ಜೋಡಿ ಮಾಡಿ. ಎರಡರಲ್ಲೂ ಆತಿಥೇಯರ ಸ್ಕೋರಿನಿಂದ ಅತಿಥಿಗಳದ್ದು ಕಳೆಯಿರಿ, ಕೂಡಿಸಿ, ಎರಡರಿಂದ ಭಾಗಿಸಿ. ಉದಾಹರಣೆಗೆ, ಕೆರಿ ತನ್ನ ಮನೆಯಲ್ಲಿ 5ರಿಂದ ಗೆದ್ದು ಮೇಯೋದಲ್ಲೂ 3ರಿಂದ ಗೆದ್ದರೆ: 5 ಮತ್ತು ಮೈನಸ್ 3, ಉತ್ತರ 1. ಕೆರಿ ಬಲಿಷ್ಠ ತಂಡ ಅನ್ನೋದು ಇದರಲ್ಲಿ ತಾನಾಗಿಯೇ ಕಳೆದುಹೋಗುತ್ತದೆ. ಈ ಲೆಕ್ಕದ ಚೆಂದವೇ ಅದು. ಒಂದೆರಡು ಜೋಡಿಯಿಂದ ತೀರ್ಮಾನಕ್ಕೆ ಹಾರಬೇಡಿ, ಇಡೀ ಡಿವಿಜನ್ನಿನ ಸರಾಸರಿ ತೆಗೆಯಿರಿ.

2020ರ ಅಕ್ಟೋಬರಿನ ಕೊನೆಯ ಸುತ್ತುಗಳು ಪ್ರೇಕ್ಷಕರಿಲ್ಲದೆ ನಡೆದವು. ಅವನ್ನು ಬೇರೆ ಶೀಟಿನಲ್ಲಿಡಿ. 2025ರಿಂದ ಗೋಲಿನ ಮುಂದಿನ 40 ಮೀಟರ್ ಕಮಾನು ಗೆರೆಯ ಹೊರಗಿಂದ ಅಡ್ಡಕಂಬದ ಮೇಲೆ ಹೊಡೆದರೆ 1ರ ಬದಲು 2 ಪಾಯಿಂಟು, ಆದ್ದರಿಂದ 2024ರ ಪಂದ್ಯಕ್ಕೆ 2025ರದ್ದನ್ನು ಜೋಡಿಸಲೇಬೇಡಿ.

ಇನ್ನು ಡಬ್ಲಿನ್. 2018ರ ಚಾಂಪಿಯನ್‌ಶಿಪ್‌ನಲ್ಲಿ ಕೊನೆಯ ಎಂಟು ತಂಡಗಳ ಸೂಪರ್ 8 ಹಂತದಲ್ಲಿ ಪ್ರತಿ ತಂಡಕ್ಕೂ ತವರಿನಲ್ಲಿ ಒಂದು, ಹೊರಗೆ ಒಂದು, ಕ್ರೋಕ್ ಪಾರ್ಕಿನಲ್ಲಿ ಒಂದು ಪಂದ್ಯ. ಡಬ್ಲಿನ್ನಿಗೆ ತವರೂ ಕ್ರೋಕ್ ಪಾರ್ಕೇ, ತಟಸ್ಥವೂ ಅದೇ! ಕಾಗದದಲ್ಲಿ ಏನೇ ಇರಲಿ, ನಾನಂತೂ ಎರಡನ್ನೂ ತವರು ಅಂತಲೇ ಅನ್ನುತ್ತೇನೆ. ಅದೇ ವರ್ಷ ಕಿಲ್ಡೇರ್‌ನವರ ತವರಿನ ಪಂದ್ಯವನ್ನು ಆಯೋಜಕರು ಕ್ರೋಕ್ ಪಾರ್ಕಿಗೆ ಸಾಗಿಸಲು ಹೊರಟಾಗ, ತಂಡದವರು ತಮ್ಮ ತವರು ಮೈದಾನವಿರುವ ನ್ಯೂಬ್ರಿಡ್ಜ್ ಬಿಟ್ಟು ಬೇರೆಲ್ಲೂ ಆಡೋದಿಲ್ಲ ಅಂತ ಪಟ್ಟು ಹಿಡಿದರು. ಕೊನೆಗೆ ಅಲ್ಲೇ ಆಡಿ ಮೇಯೋವನ್ನು 0-21, 0-19ರಿಂದ ಸೋಲಿಸಿದರು. ಇವೆಲ್ಲ ಚಾಂಪಿಯನ್‌ಶಿಪ್ ಪಂದ್ಯಗಳಾದ್ದರಿಂದ ನನ್ನ ಶೀಟಿನಲ್ಲಿ ಇವಕ್ಕೆ ಜಾಗವಿಲ್ಲ.