ಸರ್ವರ್ ಫ್ಯಾನ್‌ನ ಬಾಯಿ ಮುಚ್ಚಿಸುವ ಮುನ್ನ

ಮನೆಯಲ್ಲೋ ಚಿಕ್ಕ ಆಫೀಸಿನಲ್ಲೋ ಹಳೆಯ ಸರ್ವರ್ ತಂದಿಟ್ಟುಕೊಂಡವರ ಮೊದಲ ದೂರು ಒಂದೇ: ಸದ್ದು. ಅದು ಡೇಟಾ ಸೆಂಟರ್‌ಗೆಂದು ಮಾಡಿದ ಯಂತ್ರ. ಅಲ್ಲಿ ಅದರ ಪಕ್ಕದಲ್ಲಿ ಯಾರೂ ಮಲಗುವುದಿಲ್ಲ. ಎರಡು ಪ್ರೊಸೆಸರ್, ಹನ್ನೆರಡು ಡಿಸ್ಕ್ ತುಂಬಿದಾಗ ಬೇಕಾಗುವ ಗಾಳಿ, ಒಂದು ಪ್ರೊಸೆಸರ್, ಎರಡು ಡಿಸ್ಕ್ ಇರುವಾಗ ಬೇಡ ಅಲ್ವಾ? ಫ್ಯಾನ್ ವೇಗ ಅರ್ಧಕ್ಕೆ ಇಳಿದರೆ ಗಾಳಿ ಅರ್ಧ ಆಗುತ್ತದೆ. ಆದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ, ಫ್ಯಾನ್ ಎಳೆಯುವ ಕರೆಂಟು ಎಂಟನೇ ಒಂದು ಭಾಗಕ್ಕೆ ಬರುತ್ತದೆ.

ಹಂತ 1: ಮೊದಲು ಅಳೆಯಿರಿ

ಬೋರ್ಡಿನ ಮೇಲೆ ಬಿಎಂಸಿ ಎಂಬ ಪುಟ್ಟ ಕಂಪ್ಯೂಟರ್ ಇರುತ್ತದೆ. ಡೆಲ್‌ನವರು ಅದನ್ನು ಐಡ್ರ್ಯಾಕ್ ಎನ್ನುತ್ತಾರೆ. ಫ್ಯಾನ್‌ಗಳ ಯಜಮಾನ ಅದೇ. ಅದರ ಜೊತೆ ಮಾತಾಡುವ ಐಪಿಎಂಐಟೂಲ್ ಎಂಬ ತಂತ್ರಾಂಶ ಹಾಕಿಕೊಂಡು ಸೆನ್ಸರ್ ಪಟ್ಟಿ ತೆಗೆಯಿರಿ. ಪ್ರತಿ ಫ್ಯಾನಿನ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು), ಪ್ರೊಸೆಸರ್ ಬಿಸಿ ಬರೆದುಕೊಳ್ಳಿ. ಡಿಸ್ಕ್‌ಗಳ ಬಿಸಿಯನ್ನು ಸ್ಮಾರ್ಟ್‌ಸಿಟಿಎಲ್ ಎಂಬ ಇನ್ನೊಂದು ತಂತ್ರಾಂಶದಲ್ಲಿ ಬೇರೆಯಾಗಿ ನೋಡಬೇಕು. ಎಷ್ಟೋ ಬೋರ್ಡ್‌ಗಳಲ್ಲಿ ಡಿಸ್ಕ್ ಎಷ್ಟು ಕಾದಿದೆ ಎಂಬುದು ಬಿಎಂಸಿಗೆ ಗೊತ್ತೇ ಇರುವುದಿಲ್ಲ.

ಹಂತ 2: ಧೂಳು ತೆಗೆಯಿರಿ. ಎಷ್ಟೋ ಜನರ ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ.

ಹಂತ 3: ಇರುವ ಮೋಡ್ ಬದಲಿಸಿ ನೋಡಿ

ಸೂಪರ್‌ಮೈಕ್ರೋ ಬೋರ್ಡ್‌ನ ಬಿಎಂಸಿ ಪುಟದಲ್ಲಿ ಸ್ಟ್ಯಾಂಡರ್ಡ್, ಫುಲ್, ಆಪ್ಟಿಮಲ್, ಹೆವಿ ಐಒ ಎಂಬ ಮೋಡ್‌ಗಳಿರುತ್ತವೆ. ಆಪ್ಟಿಮಲ್ ಹಾಕಿ. ಅಷ್ಟು ಸಾಕಾದರೆ ಮುಂದಿನದ್ದನ್ನೆಲ್ಲ ಮರೆತುಬಿಡಿ.

ಹಳೆಯ ಡೆಲ್ ಪವರ್‌ಎಡ್ಜ್‌ಗಳಲ್ಲಿ ಐಪಿಎಂಐಟೂಲ್‌ನಿಂದ ಆದೇಶ ಕೊಟ್ಟು ಫ್ಯಾನನ್ನು ಶೇ 20ರಂಥ ಒಂದು ವೇಗಕ್ಕೆ ಕಟ್ಟಿಹಾಕಬಹುದು. ಐಡ್ರ್ಯಾಕ್ 9ರ ಹೊಸ ಫರ್ಮ್‌ವೇರ್‌ಗಳು (ಬಿಎಂಸಿಯೊಳಗಿನ ಮೂಲ ತಂತ್ರಾಂಶ) ಇದಕ್ಕೆ ಬಾಗಿಲು ಹಾಕಿವೆ. ಬಾಗಿಲು ತೆರೆದಿದ್ದರೂ ನಾನಂತೂ ಈ ದಾರಿ ಹಿಡಿಯುವುದಿಲ್ಲ. ಕಟ್ಟಿಹಾಕಿದ ಫ್ಯಾನ್ ಬಿಸಿ ಏರಿದರೂ ಮೇಲೇಳುವುದಿಲ್ಲ. ಬಿಸಿ ನೋಡಿ ವೇಗ ಏರಿಸಲೆಂದು ನೀವು ಬರೆದ ಸ್ಕ್ರಿಪ್ಟ್ ನಡುರಾತ್ರಿ ನಿಂತುಹೋದರೆ ಯಾರು ಎಬ್ಬಿಸುತ್ತಾರೆ?

ಹಂತ 4: ಫ್ಯಾನ್ ಬದಲಿಸಿದರೆ ಬಿಎಂಸಿಗೂ ಹೇಳಿ

ಎಲ್ಲರೂ ಎಡವುವುದು ಇಲ್ಲಿ. ನಾನೂ ಎಡವಿದ್ದೇನೆ. ಸದ್ದು ಮಾಡದ 120 ಮಿಲಿಮೀಟರ್ ಫ್ಯಾನ್ ತಂದು ಕೂರಿಸಿದೆ. ಐದು ನಿಮಿಷ ಶಾಂತಿ. ಆಮೇಲೆ ಜೋರಾಗಿ ಭೋರ್ ಎಂದಿತು, ತಣ್ಣಗಾಯಿತು, ಮತ್ತೆ ಭೋರ್. ರಾತ್ರಿ ಹನ್ನೊಂದಕ್ಕೆ ಪಕ್ಕದ ಮನೆಯಲ್ಲಿ ಬಿಟ್ಟು ಬಿಟ್ಟು ಚಟ್ನಿ ರುಬ್ಬಿದ ಹಾಗೆ. ಫ್ಯಾನೇ ಕೆಟ್ಟದ್ದೆಂದು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಿಗೆ ಎರಡು ಸಲ ಹೋಗಿ ಬದಲಿಸಿಕೊಂಡು ಬಂದೆ. ಫ್ಯಾನ್ ಸರಿಯಾಗಿಯೇ ಇತ್ತು.

ಆಗುವುದು ಇಷ್ಟು. ಪ್ರತಿ ಫ್ಯಾನಿಗೂ ಬಿಎಂಸಿ ಮೂರು ಕೆಳಮಿತಿ ಇಟ್ಟುಕೊಂಡಿರುತ್ತದೆ: ಬರೀ ಎಚ್ಚರಿಕೆಯದ್ದು, ಅಪಾಯದ್ದು, ಕೈಮೀರಿದ್ದು. ಅವು 700, 500, 300 ಆರ್‌ಪಿಎಂ ಎಂದುಕೊಳ್ಳಿ. ಕಂಪನಿಯ ಫ್ಯಾನ್ ಸಾವಿರಾರು ಆರ್‌ಪಿಎಂನಲ್ಲಿ ಓಡುವುದರಿಂದ ಆ ಲೆಕ್ಕ ಸರಿ. ನಿಮ್ಮ ಶಾಂತ ಫ್ಯಾನ್ ಆರಾಮಾಗಿ 480ಕ್ಕೆ ಇಳಿಯುತ್ತದೆ. ಬಿಎಂಸಿ ಫ್ಯಾನ್ ಸತ್ತಿತೆಂದು ಗಾಬರಿಬಿದ್ದು ಎಲ್ಲವನ್ನೂ ಪೂರ್ತಿ ವೇಗಕ್ಕೆ ಏರಿಸುತ್ತದೆ. ಏರಿದ ಕೂಡಲೇ 'ಓ, ಬದುಕಿದೆ' ಎಂದು ಇಳಿಸುತ್ತದೆ. ಮತ್ತೆ 480. ಮತ್ತೆ ಗಾಬರಿ.

ಪರಿಹಾರ: ಕೆಳಮಿತಿಗಳನ್ನು ಇಳಿಸುವುದು. ಫ್ಯಾನಿನ ಡಬ್ಬಿಯ ಮೇಲೆ ಕನಿಷ್ಠ ವೇಗ ನೋಡಿ. 450 ಎಂದಿದ್ದರೆ ಅದನ್ನೇ ನಂಬಬೇಡಿ, ಶೇ 20 ಆಚೀಚೆ ಆಗುವುದು ಮಾಮೂಲು. ಅಂದರೆ 360ಕ್ಕೂ ಇಳಿಯಬಹುದು. ಹಾಗಾಗಿ ಎಚ್ಚರಿಕೆ 300, ಅಪಾಯ 200, ಕೈಮೀರಿದ್ದು 100 ಇಡಿ. ಐಪಿಎಂಐಟೂಲ್‌ನ ಸೆನ್ಸರ್ ಥ್ರೆಶ್ ಆದೇಶಕ್ಕೆ ಇವನ್ನು ಚಿಕ್ಕದರಿಂದ ದೊಡ್ಡದಕ್ಕೆ ಕೊಡಬೇಕು: 100, 200, 300. ತಿರುಗಾಮುರುಗಾ ಕೊಟ್ಟು 'ಕೆಲಸ ಮಾಡ್ತಿಲ್ಲ' ಎನ್ನುವವರನ್ನು ಬೇಕಾದಷ್ಟು ನೋಡಿದ್ದೇನೆ. ಆದೇಶ ಕೊಟ್ಟ ಮೇಲೆ ಪಟ್ಟಿಯನ್ನು ಮತ್ತೆ ತೆಗೆದು ನೋಡಿ. ಬಿಎಂಸಿ ತನ್ನ ಅಳತೆಯ ಮೆಟ್ಟಿಲಿಗೆ ತಕ್ಕಂತೆ ಅಂಕಿಯನ್ನು ಹಿಂದೆ ಮುಂದೆ ಮಾಡಿಕೊಂಡಿರಬಹುದು.

ಮೂರನ್ನೂ ಸೊನ್ನೆ ಮಾಡಿಬಿಡುವ ಸುಲಭದ ದಾರಿಯೂ ಇದೆ. ಮಾಡಬೇಡಿ. ಫ್ಯಾನ್ ನಿಜವಾಗಿ ನಿಂತ ದಿನ ಯಾರೂ ಹೇಳುವುದಿಲ್ಲ.

ವೈರಿನ ನಡುವೆ ಸಿಕ್ಕಿಸುವ ರೆಸಿಸ್ಟರ್ ತುಂಡುಗಳು, ಕೈಯಲ್ಲಿ ತಿರುಗಿಸುವ ಗುಂಡಿಗಳು ಸುಮ್ನೆ ದುಡ್ಡು ದಂಡ. ಅವು ಬಿಎಂಸಿಯ ಕೈಯಿಂದ ಲಗಾಮು ಕಿತ್ತುಕೊಳ್ಳುತ್ತವೆ ಅಷ್ಟೇ. ಬಿಎಂಸಿ ಹೇಳಿದಂತೆ ವೇಗ ಬದಲಿಸುವ, ನಾಲ್ಕು ಪಿನ್ನಿನ ಪಿಡಬ್ಲ್ಯೂಎಂ ಫ್ಯಾನನ್ನೇ ಕೊಳ್ಳಿ. ಒಂದು ವಿಷಯ: ನಿಮ್ಮದು 'ಒಂದು ಯು' ಎಂಬ ಅತಿ ತೆಳು ಅಳತೆಯ ಚಪ್ಪಟೆ ಸರ್ವರ್ ಆಗಿದ್ದರೆ ಫ್ಯಾನ್ ಬದಲಿಸುವ ಆಸೆ ಬಿಡಿ. ಅಲ್ಲಿನ 40 ಮಿಲಿಮೀಟರ್ ಫ್ಯಾನ್ ಕಿರುಚುವುದು ಇಕ್ಕಟ್ಟಿನ ಹೀಟ್‌ಸಿಂಕ್ (ಬಿಸಿ ಹೀರುವ ಲೋಹದ ಹಲ್ಲುಗಳು) ಒಳಗೆ ಗಾಳಿ ನುಗ್ಗಿಸುವುದಕ್ಕೆ.

ಹಂತ 5: ಮುಚ್ಚಳ ಹಾಕಿ, ಬೆವರಿಳಿಸಿ

ಮುಚ್ಚಳ ತೆಗೆದಿಟ್ಟು ಪರೀಕ್ಷೆ ಮಾಡಬೇಡಿ. ಮುಚ್ಚಳ ಮತ್ತು ಒಳಗಿನ ಪ್ಲಾಸ್ಟಿಕ್ ಹೊದಿಕೆ ಇದ್ದರೆ ಮಾತ್ರ ಗಾಳಿ ಹೋಗಬೇಕಾದ ದಾರಿಯಲ್ಲಿ ಹೋಗುತ್ತದೆ. ಸ್ಟ್ರೆಸ್-ಎನ್‌ಜಿ ಹಾಕಿ ಒಂದು ಗಂಟೆ ಪ್ರೊಸೆಸರ್ ದುಡಿಸಿ, ಅದೇ ಹೊತ್ತಿಗೆ ಡಿಸ್ಕ್‌ಗಳಲ್ಲೂ ದೊಡ್ಡ ಕಡತ ಓದಿಸಿ. ಡಿಸ್ಕ್ 45 ಡಿಗ್ರಿ ದಾಟಿದರೆ ನಾನು ಫ್ಯಾನ್ ಏರಿಸುತ್ತೇನೆ. ಡಿಸ್ಕ್‌ಗಳನ್ನು ಬೋರ್ಡಿಗೆ ಜೋಡಿಸುವ, ಫ್ಯಾನಿಲ್ಲದ ಕಾರ್ಡ್ ಇದ್ದರೆ ಇನ್ನೂ ಹುಷಾರು. ಎಲ್‌ಎಸ್‌ಐ ಕಂಪನಿಯ ಎಷ್ಟೋ ಕಾರ್ಡ್‌ಗಳು ಸರ್ವರ್ ಗಾಳಿಯನ್ನೇ ನಂಬಿಕೊಂಡು ಮಾಡಿದವು. ಅವು ಕಾದಾಗ ಬಿಎಂಸಿ ತುಟಿ ಬಿಚ್ಚುವುದಿಲ್ಲ, ಡಿಸ್ಕ್‌ಗಳು ಒಂದೊಂದಾಗಿ ಕಾಣೆಯಾಗುತ್ತವೆ. ನಾನು ಅಂಥ ಕಾರ್ಡಿನ ಮೇಲೆ 40 ಮಿಲಿಮೀಟರಿನ ಪುಟ್ಟ ಫ್ಯಾನೊಂದನ್ನು ಬಿಗಿಯುತ್ತೇನೆ.

ಬೆಂಗಳೂರಿನಲ್ಲಿ ಡಿಸೆಂಬರ್‌ನಲ್ಲಿ ಪಾಸಾದ ಸರ್ವರ್‌ಗೆ ಏಪ್ರಿಲ್ ಮಧ್ಯಾಹ್ನ, ಕಿಟಕಿ ಮುಚ್ಚಿ ಇನ್ನೊಮ್ಮೆ ಪರೀಕ್ಷೆ ಕೊಡಿ. ರಾಯಚೂರಿನಲ್ಲಿದ್ದರೆ ಹೇಳುವುದೇ ಬೇಡ.

ಹಂತ 6: ಹೊಸ ಮಿತಿಗಳನ್ನು ಚೀಟಿಯಲ್ಲಿ ಬರೆದು ಮುಚ್ಚಳದ ಒಳಬದಿಗೆ ಅಂಟಿಸಿ. ಬಿಎಂಸಿಯನ್ನು ರೀಸೆಟ್ ಮಾಡಿದಾಗ, ಫರ್ಮ್‌ವೇರ್ ಹೊಸದು ಹಾಕಿದಾಗ ಅವು ಅಳಿಸಿ ಹೋಗಬಹುದು. ಆಗ ಮತ್ತೆ ಚಟ್ನಿ ರುಬ್ಬುವ ಸದ್ದು ಕೇಳಿದರೆ ಎಸ್‌ಪಿ ರೋಡಿಗೆ ಹೋಗಬೇಡಿ, ಚೀಟಿ ನೋಡಿ.