ಒಂದು ಕೋಣೆಯ ಕ್ಲಿನಿಕ್ಕು, ಒಂದು ಹಿಂಬರಹ

ಹುಣಸಗಿ ಸೀಮೆಯ ಹಳ್ಳಿಯೊಂದರಲ್ಲಿ ನನ್ನದು ಒಂದೇ ಕೋಣೆಯ ಕ್ಲಿನಿಕ್ಕು. ಹೊರಗೆ ತಗಡಿನ ನೆರಳು, ಒಳಗೆ ಒಂದು ಮೇಜು, ರೋಗಿಯನ್ನು ಮಲಗಿಸಿ ಹೊಟ್ಟೆ ಒತ್ತಿ ನೋಡಲು ಒಂದು ಮಂಚ. ನಾಟಿ ಕಾಲದಲ್ಲಿ ಕೆಸರಲ್ಲಿ ನಿಂತು ಬೆರಳ ಸಂದು ಕೊಳೆಸಿಕೊಂಡ ಹೆಣ್ಣುಮಕ್ಕಳು, ಹತ್ತಿ ಬೆಳೆಗೆ ಕೀಟನಾಶಕದ ಎಣ್ಣಿ ಹೊಡೆದು ತಲೆ ತಿರುಗಿ ಬಂದವರು, ಬೇಸಿಗೆಯಲ್ಲಿ ಚೇಳು ಕಡಿದವರು ಬರುತ್ತಾರೆ. ರಾತ್ರಿ ಯಾರನ್ನೂ ಇಟ್ಟುಕೊಳ್ಳುವುದಿಲ್ಲ.

ಆ ಮಂಚದಿಂದಲೇ ತಕರಾರು ಶುರುವಾಯಿತು. ತಪಾಸಣೆಗೆ ಬಂದವರೊಬ್ಬರು ಅದನ್ನು ಬೆರಳಿಂದ ತಟ್ಟಿ, "ಇದು ಬೆಡ್ ಅಲ್ಲೇನ್ರಿ ಡಾಕ್ಟ್ರ?" ಅಂದರು. ಹಾಸಿಗೆ ಅಂತ ಬರೆದರೆ ನಾನು ಆಸ್ಪತ್ರೆ, ಬರೆಯದಿದ್ದರೆ ಕ್ಲಿನಿಕ್ಕು. ಆಸ್ಪತ್ರೆಯಾದರೆ ಕಾಗದದ ಕಂತೆಯೇ ಬೇರೆ. "ಹೊಟ್ಟಿ ನೋಡೋ ಮಂಚರಿ, ಇದರ ಮ್ಯಾಲ ಯಾರೂ ರಾತ್ರಿ ಮಲಗಿಲ್ಲ, ನಾನೂ ಮಲಗಿಲ್ಲ" ಅಂದೆ. ಅವರಿಗೆ ನಗು ಬರಲಿಲ್ಲ. ಔಷಧಿ ಕಪಾಟು ನೋಡಿ ಡ್ರಗ್ ಲೈಸೆನ್ಸ್ ಕೇಳಿದರು, ಸೂಜಿ, ಹತ್ತಿಯಂಥ ಕ್ಲಿನಿಕ್ಕಿನ ಕಸದ ಪರವಾನಗಿಯನ್ನು ಪ್ರತಿ ವರ್ಷ ನವೀಕರಿಸಿದ್ದೀರಾ ಅಂದರು.

ಅವತ್ತು ನಾನು ತಲೆಯಾಡಿಸಿ ಸುಮ್ಮನಾದೆ. ಅದೇ ತಪ್ಪು. ಆಮೇಲೆ ಎರಡು ಸಲ ಕಚೇರಿಗೆ ಅಲೆದೆ. ಯಾದಗಿರಿಗೆ ಸುರಪುರ, ಶಹಾಪುರ ಹಾದು ಹೋಗಿ ಬರುವುದೆಂದರೆ ಆ ದಿನ ಕ್ಲಿನಿಕ್ಕಿಗೆ ಬೀಗ. ಎರಡನೇ ಸಲ ವಾಪಸ್ ಬರುವಾಗ ಬಸ್ಸಿನಲ್ಲೇ ಮೊಬೈಲ್ ತೆಗೆದು ನಿಯಮಗಳನ್ನೇ ಓದಲು ಕೂತೆ.

ಓದಿದಾಗ ಹೊಳೆಯಿತು, ಸಣ್ಣ ಕ್ಲಿನಿಕ್ಕಿಗೆ ನಿಯಮ ಸಡಿಲಿಸಿ ಅಂತ ನಮ್ಮಂಥವರು ಕೇಳುತ್ತೇವಲ್ಲ, ಆ ಸಡಿಲಿಕೆಯಲ್ಲಿ ಅರ್ಧ ಕಾನೂನಿನೊಳಗೇ ಇದೆ. 2016ರ ಜೀವವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಹಾಸಿಗೆ ಇಲ್ಲದ ಕ್ಲಿನಿಕ್ಕಿಗೆ ಪರವಾನಗಿ ಒಂದೇ ಸಲ, ಪ್ರತಿ ವರ್ಷದ ನವೀಕರಣವಿಲ್ಲ. ಸರಿಯಾದ ಅರ್ಜಿ ಕೊಟ್ಟು 90 ದಿನದೊಳಗೆ ಆಕ್ಷೇಪಣೆ ಬರದಿದ್ದರೆ ಕೊಟ್ಟಂತೆಯೇ ಲೆಕ್ಕ. ಔಷಧಿ ನಿಯಮಗಳ ವಿನಾಯಿತಿ ಪಟ್ಟಿಯಾದ ಶೆಡ್ಯೂಲ್ ಕೆ ಪ್ರಕಾರ, ಅಂಗಡಿ ತೆರೆಯದೆ ತನ್ನ ರೋಗಿಗೆ ತಾನೇ ಔಷಧಿ ಕೊಡುವ ನೋಂದಾಯಿತ ವೈದ್ಯನಿಗೆ ಮಾರಾಟದ ಲೈಸೆನ್ಸ್ ಬೇಕಿಲ್ಲ. ಸ್ಕ್ಯಾನಿಂಗ್ ಯಂತ್ರ ಇಲ್ಲದವನಿಗೆ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯ ನೋಂದಣಿಯ ಪ್ರಶ್ನೆಯೇ ಇಲ್ಲ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಮಾತ್ರ ಬೇಕೇ ಬೇಕು, ಅದು ಐದು ವರ್ಷಕ್ಕೊಮ್ಮೆ.

ಈ ಪುಟಗಳನ್ನು ಪ್ರಿಂಟ್ ತೆಗೆಸಿ, ಸಂಬಂಧಪಟ್ಟ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು ಒಂದು ಫೈಲ್ ಮಾಡಿದೆ. ಮೂರನೇ ಸಲ ಹೋದಾಗ ಕೇಸ್‌ವರ್ಕರ್ ಮತ್ತೆ ಹೊಸ ಕಾಗದ ಕೇಳಿದರು. ಜಗಳಕ್ಕೆ ಹೋಗಲಿಲ್ಲ. "ಆಗಲ್ರಿ ಸರ್, ಯಾ ನಿಯಮದಾಗ ಅದ ಅಂತ ಒಂದು ಹಿಂಬರಹ ಬರದು ಕೊಡ್ರಿ, ತರ್ತೀನಿ" ಅಂದೆ. ಅವರು ನನ್ನ ಮುಖ ನೋಡಿದರು, ಫೈಲ್ ನೋಡಿದರು. "ಸಾಹೇಬ್ರನ್ನ ಕೇಳ್ತೀನಿ, ಕುಂದರ್ರಿ" ಅಂತ ಒಳಗೆ ಹೋದರು. ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಬರಲಿಲ್ಲ, ಅರ್ಜಿ ಮುಂದಕ್ಕೆ ಹೋಯಿತು. ಅರ್ಜಿ ತಲುಪಿದ್ದಕ್ಕೆ ಗುರುತಾದ ಇನ್‌ವರ್ಡ್ ನಂಬರ್ ಬರೆಸಿಕೊಳ್ಳದೆ ಅರ್ಜಿ ಕೊಟ್ಟು ಬರುವವರಿಗೆ ಇದು ನಡೆಯದು, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಎಲ್ಲವನ್ನೂ ಸಡಿಲಿಸಿ ಅನ್ನುವವರ ಪೈಕಿ ನಾನಲ್ಲ. ಮೊದಲ ವರ್ಷ ಸೂಜಿ ಕತ್ತರಿಸುವ ಯಂತ್ರ ತರಲು ಸೋಮಾರಿತನ ಮಾಡಿದ್ದೆ. ಒಂದು ಸಂಜೆ ಕಸ ಗುಡಿಸುವ ಅವ್ವ ಹೆಬ್ಬೆರಳು ಚೀಪುತ್ತಾ ನಿಂತಿದ್ದಳು. "ಏನಿಲ್ಲಪಾ, ಮುಳ್ಳು" ಅಂದಳು. ಮುಳ್ಳಲ್ಲ, ನಾನು ಹತ್ತಿಯ ಜೊತೆ ಎಸೆದ ಸೂಜಿ. ಅವಳ ರಕ್ತ ಪರೀಕ್ಷೆಗಳು ಮುಗಿಯುವವರೆಗೆ ನನಗೆ ನಿದ್ದೆ ಹತ್ತಲಿಲ್ಲ. ಕಸ ಮುಟ್ಟುವವರಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಬೇಕೆಂಬುದು ಅದೇ ನಿಯಮದಲ್ಲಿದೆ. ಹಾಕಿಸಿರಲಿಲ್ಲ. ಈಗ ರಕ್ತದ ಹತ್ತಿ ಹಳದಿ ಚೀಲಕ್ಕೆ, ಸೂಜಿ ಕತ್ತರಿಸಿದ ಸಿರಿಂಜ್ ಕೆಂಪಿಗೆ, ಸೂಜಿ ಬಿಳಿ ಡಬ್ಬಿಗೆ, ಗಾಜಿನ ವಯಲ್ ನೀಲಿಗೆ. ಯಾರು ನೋಡಲಿ ಬಿಡಲಿ.

ಆದರೆ ಕಸ ವಿಂಗಡಿಸಿದರಾಯಿತೇ? ರಕ್ತ ಹತ್ತಿದ ಕಸವನ್ನು 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ಒಯ್ಯುವ ಗಾಡಿ ಮಾತ್ರ ಒಬ್ಬನ ಸಣ್ಣ ಚೀಲಕ್ಕಾಗಿ ಹಳ್ಳಿಯೊಳಗೆ ಬರಲು ಒಲ್ಲೆ ಅಂದಿತು. ಅಕ್ಕಪಕ್ಕದ ಊರಿನ ಮೂವರು ಡಾಕ್ಟರರನ್ನು ಕೂಡಿಸಿಕೊಂಡು, ನಾಲ್ಕೂ ಕ್ಲಿನಿಕ್ಕು ಒಂದೇ ದಾರಿಯಲ್ಲಿ ಬರುವಂತೆ ಕಾಗದದ ಮೇಲೆ ಗೆರೆ ಹಾಕಿ ತೋರಿಸಿದೆವು. ಈಗ ದಿನ ಬಿಟ್ಟು ದಿನ ಬರುತ್ತದೆ. ಮಳೆಗಾಲದಲ್ಲಿ ಒಮ್ಮೊಮ್ಮೆ ತಪ್ಪುತ್ತದೆ, ಆಗ ನಾನೇ ಫೋನ್ ಹಚ್ಚಿ ಬೈಯುತ್ತೇನೆ. ಇದೇ ಊರಿನಲ್ಲಿ ಪದವಿಯಿಲ್ಲದೆ ಸಲೈನ್ ಏರಿಸುವವನಿಗೆ ಚೀಲವೂ ಇಲ್ಲ, ಗಾಡಿಯೂ ಇಲ್ಲ, ತಪಾಸಣೆಯೂ ಇಲ್ಲ. ಹೆಸರೇ ಪಟ್ಟಿಯಲ್ಲಿಲ್ಲದವನ ಬಾಗಿಲು ಯಾರು ತಟ್ಟಬೇಕು?

ನಿಜಕ್ಕೂ ಸಡಿಲಿಸಬೇಕಾದದ್ದು ಬೇರೆ ಇದೆ. ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸುವಾಗ ಗೋಡೆ, ಮೇಜು, ಡಾಕ್ಟರ್ ಯಾವುದೂ ಬದಲಾಗದಿದ್ದರೂ ಎಲ್ಲ ಕಾಗದವನ್ನೂ ಮೊದಲಿಂದ ಯಾಕೆ ಅಪ್‌ಲೋಡ್ ಮಾಡಬೇಕು? ಬದಲಾಗಿಲ್ಲ ಅಂತ ಒಂದು ಸಾಲು ಬರೆಸಿಕೊಂಡರೆ ಸಾಲದೇ? ತ್ಯಾಜ್ಯದ ವಾರ್ಷಿಕ ವರದಿಯನ್ನು ಪ್ರತಿ ಜೂನ್ 30ರೊಳಗೆ ಕೊಡಬೇಕು, ಕೊಡುತ್ತೇನೆ. ಅದನ್ನು ನನ್ನದೇ ವೆಬ್‌ಸೈಟಿನಲ್ಲೂ ಹಾಕಬೇಕಂತೆ. ತಗಡಿನ ನೆರಳಿನ ಕ್ಲಿನಿಕ್ಕಿಗೆ ವೆಬ್‌ಸೈಟು! ಕೊನೆಗೆ ತಂಗಿಯ ಮಗ ಬಿಟ್ಟಿಯಾಗಿ ಒಂದು ಪುಟ ಮಾಡಿಕೊಟ್ಟ. ಮೇಲೆ ಕ್ಲಿನಿಕ್ಕಿನ ಫೋಟೋ, ಕೆಳಗೆ ಆ ವರ್ಷ ಎಷ್ಟು ಕಿಲೋ ಹಳದಿ, ಎಷ್ಟು ಕಿಲೋ ಕೆಂಪು ಅನ್ನುವ ಲೆಕ್ಕ. ಈವರೆಗೆ ಅದನ್ನು ತೆರೆದು ನೋಡಿದವರು ಇಬ್ಬರು, ನಾನು ಮತ್ತು ಅವನು.